ಕಾಗೆಗಳು ಹಾರಿದ ಗೋಧಿ ಹೊಲ

ಮಾಗಿದ ಗೋಧಿಯ ಹೊಲ. ಮೇಲೆ ಕಪ್ಪಿಗೆ ತಿರುಗಿದ ನೀಲಿ ಆಕಾಶ. ಹೊಲವನ್ನು ಸೀಳಿಕೊಂಡು ಹೊರಟು ನಡುವಿನಲ್ಲೇ ಮರೆಯಾಗುವ ಒಂದು ದಾರಿ. ಅದರ ಮೇಲೆ ಚೆಲ್ಲಾಪಿಲ್ಲಿಯಾಗಿ ಹಾರುವ ಕಾಗೆಗಳು. ಈ ಚಿತ್ರವನ್ನು ಕ್ಯಾಲೆಂಡರಿನಲ್ಲೋ ಪುಸ್ತಕದ ಮುಖಪುಟದಲ್ಲೋ ಕಾಣದವರು ಕಡಿಮೆ. ಅದರ ಜೊತೆಗೆ ಒಂದು ಕಥೆಯೂ ಬರುತ್ತದೆ. ಡಚ್ ಕಲಾವಿದ ವಿನ್ಸೆಂಟ್ ವ್ಯಾನ್ ಗೋ ಬರೆದ ಕಟ್ಟಕಡೆಯ ಚಿತ್ರವೇ ಇದು, ಇದನ್ನು ಮುಗಿಸಿದವನೇ ಆತ ಅದೇ ಹೊಲದಲ್ಲಿ ತನಗೆ ತಾನೇ ಗುಂಡು ಹಾರಿಸಿಕೊಂಡ ಎಂಬುದೇ ಆ ಕಥೆ.

ಕಥೆ ಚೆನ್ನಾಗಿದೆ. ಆದರೆ ನಿಜವಲ್ಲ.

ಈ ಕಥೆ ಇಷ್ಟು ಗಟ್ಟಿಯಾಗಿ ಬೇರೂರಲು ಹಾಲಿವುಡ್ ಒಂದು ಮುಖ್ಯ ಕಾರಣ. 1956ರಲ್ಲಿ ತೆರೆಕಂಡ 'ಲಸ್ಟ್ ಫಾರ್ ಲೈಫ್' ಚಿತ್ರದಲ್ಲಿ ವ್ಯಾನ್ ಗೋ ಪಾತ್ರ ಮಾಡಿದ ಕಿರ್ಕ್ ಡಗ್ಲಾಸ್ ಕಾಗೆಗಳ ನಡುವೆ ನಿಂತು ಈ ಚಿತ್ರ ಬರೆಯುತ್ತಾನೆ, ಬಳಿಕ ಸಾವಿನತ್ತ ಹೊರಡುತ್ತಾನೆ. ಪ್ರೇಕ್ಷಕರ ಮನಸ್ಸಿನಲ್ಲಿ ಅದೇ ಅಚ್ಚೊತ್ತಿ ನಿಂತಿತು. ಜಪಾನಿನ ಕುರೊಸಾವಾ 1990ರಲ್ಲಿ ತೆಗೆದ 'ಡ್ರೀಮ್ಸ್' ಚಿತ್ರದ ಒಂದು ಭಾಗದಲ್ಲೂ ಇದೇ ಹೊಲ, ಇದೇ ಕಾಗೆಗಳು ಬಂದವು. ಅಲ್ಲಿ ವ್ಯಾನ್ ಗೋ ಆಗಿ ನಟಿಸಿದವರು ಪ್ರಸಿದ್ಧ ನಿರ್ದೇಶಕ ಮಾರ್ಟಿನ್ ಸ್ಕೋರ್ಸೆಸೆ ಎಂಬುದು ವಿಶೇಷ.

ಹಾಗಾದರೆ ಗೋಧಿ ಹೊಲ ಕಲಾವಿದರನ್ನು ಇಷ್ಟು ಕಾಡಲು ಕಾರಣವೇನು? ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಈಜಿಪ್ಟಿನ ದೇರ್ ಎಲ್ ಮೆದೀನಾದಲ್ಲಿ ಸೆನ್ನೆಜೆಮ್ ಎಂಬ ಕುಶಲಕರ್ಮಿಯ ಸಮಾಧಿಯಿದೆ. ಸುಮಾರು 3200 ವರ್ಷಗಳ ಹಿಂದಿನದು. ಅದರ ಗೋಡೆಯ ಮೇಲೆ ಗಂಡ ಕುಡುಗೋಲು ಹಿಡಿದು ತೆನೆ ಕೊಯ್ಯುತ್ತಿದ್ದಾನೆ, ಹೆಂಡತಿ ಹಿಂದೆ ಹಿಂದೆ ಬರುತ್ತಿದ್ದಾಳೆ. ಇಬ್ಬರೂ ಉಟ್ಟಿರುವುದು ಮದುವೆಮನೆಗೆ ಹೊರಟವರಂತೆ ಶುಭ್ರವಾದ ಬಿಳಿ ಬಟ್ಟೆ! ಏಕೆಂದರೆ ಅದು ಪರಲೋಕದ ಹೊಲ. ಅಲ್ಲಿ ಬೆವರಿಲ್ಲ, ಕೆಸರಿಲ್ಲ.

ಬೆವರನ್ನು ಕಾಣಬೇಕಾದರೆ ಪೀಟರ್ ಬ್ರೂಗಲ್‌ನ ಬಳಿಗೆ ಬರಬೇಕು. ಈತ 1565ರಲ್ಲಿ ಬರೆದ 'ಕೊಯ್ಲುಗಾರರು' ಚಿತ್ರ ಇಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಆಂಟ್‌ವರ್ಪ್ ನಗರದ ನಿಕ್ಲೇಸ್ ಯಾಂಗೆಲಿಂಕ್ ಎಂಬ ವ್ಯಾಪಾರಿಗಾಗಿ ವರ್ಷದ ಋತುಮಾನಗಳನ್ನು ಕುರಿತು ಮಾಡಿದ ಚಿತ್ರಮಾಲೆಯಲ್ಲಿ ಇದೂ ಒಂದು. (ಮರುವರ್ಷವೇ ಈ ಮಹಾಶಯ ಸ್ನೇಹಿತನೊಬ್ಬನ ಸಾಲಕ್ಕೆ ತನ್ನಲ್ಲಿದ್ದ ಬ್ರೂಗಲ್ ಚಿತ್ರಗಳನ್ನೇ ಜಾಮೀನಾಗಿ ಇಟ್ಟ. ಅವುಗಳ ಸಂಖ್ಯೆ 16 ಎಂಬುದು ದಾಖಲೆಯಿಂದ ತಿಳಿಯುತ್ತದೆ.) ಚಿತ್ರದಲ್ಲಿ ಮಧ್ಯಾಹ್ನದ ಬಿಸಿಲಿದೆ. ಕೆಲವರು ಇನ್ನೂ ಕೊಯ್ಯುತ್ತಿದ್ದಾರೆ. ಮರದ ಕೆಳಗೆ ಕೂತವರು ಬುತ್ತಿ ಬಿಚ್ಚಿದ್ದಾರೆ. ಒಬ್ಬ ಕಾಲು ಚಾಚಿ, ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದಾನೆ. ಬೆಳೆಯ ನಡುವಿನ ದಾರಿಯಲ್ಲಿ ಒಬ್ಬ ಹೂಜಿಗಳನ್ನು ಹೊತ್ತು ಬರುತ್ತಿದ್ದಾನೆ. ಇಲ್ಲಿ ದೇವರಿಲ್ಲ, ರಾಜನಿಲ್ಲ. ಊಟ, ದುಡಿಮೆ, ನಿದ್ದೆ, ಇಷ್ಟೇ.

ಈ ಚಿತ್ರವನ್ನು ಇಂದು ಕೃಷಿ ವಿಜ್ಞಾನಿಗಳೂ ಆಸಕ್ತಿಯಿಂದ ನೋಡುತ್ತಾರೆ. ಅದರಲ್ಲಿ ಗೋಧಿ ಆಳಿನ ಭುಜದೆತ್ತರಕ್ಕೆ ನಿಂತಿದೆ. ಇಂದಿನ ಗೋಧಿ ಸೊಂಟಕ್ಕೂ ಬರುವುದು ಕಷ್ಟ. ಜಪಾನಿನ 'ನೊರಿನ್ 10' ಎಂಬ ಕುಳ್ಳ ತಳಿಯ ಗುಣವನ್ನು ಬಳಸಿ ನಾರ್ಮನ್ ಬೋರ್ಲಾಗ್ ಮೆಕ್ಸಿಕೊದಲ್ಲಿ ಬೆಳೆಸಿದ ತಳಿಗಳು ಬಂದ ಮೇಲೆ ಆದ ಬದಲಾವಣೆ ಇದು. ಉದ್ದನೆಯ ಪೈರು ಗೊಬ್ಬರ ಹೆಚ್ಚಾದರೆ ತೆನೆಯ ಭಾರ ತಾಳದೆ ನೆಲಕ್ಕೆ ಮಲಗುತ್ತಿತ್ತು, ಕುಳ್ಳ ಪೈರು ನಿಲ್ಲುತ್ತದೆ. ಆ ಬಿತ್ತನೆ ಬೀಜವನ್ನು ಭಾರತ 1966ರಲ್ಲಿ 18,000 ಟನ್ ತರಿಸಿಕೊಂಡಿತು. ಬ್ರೂಗಲ್ ಕಂಡ ಹೊಲ ಈಗ ಬಹುಮಟ್ಟಿಗೆ ಚಿತ್ರದಲ್ಲಿ ಮಾತ್ರ ಉಳಿದಿದೆ ಎನ್ನಬೇಕು.

ಫ್ರಾನ್ಸಿನ ಜಾನ್ ಫ್ರಾನ್ಸ್ವಾ ಮಿಲೆ ಆಯ್ದುಕೊಂಡದ್ದು ಕೊಯ್ಲನ್ನಲ್ಲ, ಕೊಯ್ಲು ಮುಗಿದ ಮೇಲಿನ ಹೊಲವನ್ನು. 1857ರ ಅವನ ಚಿತ್ರದಲ್ಲಿ ಮೂವರು ಹೆಂಗಸರು ನೆಲದಲ್ಲಿ ಬಿದ್ದ ತೆನೆಗಳನ್ನು ಹೆಕ್ಕುತ್ತಿದ್ದಾರೆ. ಇಬ್ಬರು ಪೂರ್ತಿ ಬಾಗಿದ್ದಾರೆ, ಮೂರನೆಯವಳದು ಅರೆಬಾಗಿದ ನಡು. ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಹಕ್ಕಲಾಯುವುದು ಎನ್ನುತ್ತಾರೆ. ಬೇರೆಯವರ ಹೊಲದಲ್ಲಿ ಹಕ್ಕಲಾಯ್ದು ಮನೆಯ ಒಲೆ ಹೊತ್ತಿಸಿದ ಹೆಂಗಸರ ನೆನಪು ನಮ್ಮ ಅಜ್ಜಿಯರಿಗೂ ಇದ್ದೀತು. ಮಿಲೆಯ ಚಿತ್ರದಲ್ಲಿ ದೂರದಲ್ಲಿ ದೊಡ್ಡ ದೊಡ್ಡ ಬಣವೆಗಳಿವೆ, ಗಾಡಿ ತುಂಬಿದೆ, ಕುದುರೆಯ ಮೇಲೆ ಕೂತ ಮೇಲ್ವಿಚಾರಕನೂ ಇದ್ದಾನೆ. ಐಶ್ವರ್ಯವೆಲ್ಲ ಹಿಂದೆ, ಚುಕ್ಕಿಯಷ್ಟು. ಬಡತನ ಮುಂದೆ, ಆಳೆತ್ತರ.

ಪ್ಯಾರಿಸ್ಸಿನ ಪ್ರದರ್ಶನಕ್ಕೆ ಬಂದ ಸಿರಿವಂತರಿಗೆ ಇದು ಹಿಡಿಸಲಿಲ್ಲ. 1848ರ ಕ್ರಾಂತಿ ನಡೆದು ಇನ್ನೂ ಹತ್ತು ವರ್ಷ ತುಂಬಿರಲಿಲ್ಲ. ತೆನೆ ಹೆಕ್ಕುವ ಈ ಬಡ ಹೆಂಗಸರ ಹಿಂದೆ ದಂಗೆಯ ಈಟಿಗಳೇ ಕಂಡಂತೆ ಕೆಲವರು ಗಾಬರಿಗೊಂಡರು. ಮೂರು ಹಿಡಿ ತೆನೆಗೆ ಹೆದರುವ ಸಿರಿತನ ಎಂಥದು ಎಂದು ನಗು ಬರುತ್ತದೆ. ಆದರೆ ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಂತರೆ ಅವರ ಹೆದರಿಕೆ ಸುಳ್ಳಲ್ಲ ಅನ್ನಿಸುತ್ತದೆ.

ಈ ಮಿಲೆಯೇ ವ್ಯಾನ್ ಗೋನ ಗುರು. ಮುಖಾಮುಖಿ ಕಂಡದ್ದಲ್ಲ, ಅಚ್ಚಾದ ಪ್ರತಿಗಳಿಂದ ಕಲಿತದ್ದು. 1889ರ ಮೇ ತಿಂಗಳಲ್ಲಿ ವ್ಯಾನ್ ಗೋ ದಕ್ಷಿಣ ಫ್ರಾನ್ಸಿನ ಸೇಂಟ್ ರೆಮಿಯ ಮಾನಸಿಕ ಚಿಕಿತ್ಸಾಲಯಕ್ಕೆ ತಾನಾಗಿಯೇ ಸೇರಿದ. ಕೋಣೆಯ ಕಿಟಕಿಗೆ ಕಬ್ಬಿಣದ ಸರಳು. ಸರಳಿನಾಚೆ ಗೋಡೆ ಸುತ್ತುವರಿದ ಒಂದು ತುಂಡು ಗೋಧಿ ಹೊಲ. ಒಂದು ವರ್ಷ ಆತ ಈ ಹೊಲವನ್ನು ನೋಡಿದ. ಹಸಿರಾಗಿದ್ದಾಗ, ಹಣ್ಣಾದಾಗ, ಮಳೆ ಸುರಿದಾಗ, ಸೂರ್ಯ ಹುಟ್ಟುವಾಗ, ಮತ್ತೆ ಮತ್ತೆ ಬರೆದ.

ಅವುಗಳಲ್ಲಿ ಒಂದರಲ್ಲಿ ಒಬ್ಬನೇ ಕೊಯ್ಲುಗಾರ ಇದ್ದಾನೆ. ಜೂನ್ ತಿಂಗಳಲ್ಲಿ ಆರಂಭಿಸಿದ ಈ ಚಿತ್ರ ಕಾಯಿಲೆ ಮರುಕಳಿಸಿದ್ದರಿಂದ ನಿಂತುಹೋಗಿ ಸೆಪ್ಟೆಂಬರಿನಲ್ಲಿ ಮುಂದುವರಿಯಿತು. ಆಗ ತಮ್ಮ ಥಿಯೊಗೆ ಬರೆದ ಕಾಗದದಲ್ಲಿ, ಆ ಕೊಯ್ಲುಗಾರನಲ್ಲಿ ತನಗೆ ಸಾವಿನ ರೂಪ ಕಂಡಿತೆಂದೂ ಮನುಷ್ಯರೇ ಅವನು ಕೊಯ್ಯುವ ಗೋಧಿಯೆಂದೂ ಹೇಳಿದ್ದಾನೆ. ಅಲ್ಲಿಗೆ ನಿಲ್ಲಿಸಿದ್ದರೆ ಸಿನಿಮಾದವರಿಗೆ ಅನುಕೂಲವಾಗುತ್ತಿತ್ತು. ಆದರೆ ಆತ ಮುಂದುವರಿದು, ಈ ಸಾವಿನಲ್ಲಿ ದುಃಖವಿಲ್ಲ, ಇದು ಹೊಂಬಿಸಿಲಿನಲ್ಲಿ ಹಾಡಹಗಲೇ ನಡೆಯುವ ಕೆಲಸ ಎಂದೂ ಬರೆದ. ರೈತನ ಮನೆಯಲ್ಲಿ ಹುಟ್ಟಿದ ಯಾರಿಗಾದರೂ ಈ ಮಾತು ತಟ್ಟನೆ ತಿಳಿಯುತ್ತದೆ. ಕೊಯ್ಲು ಎಂದರೆ ಸುಗ್ಗಿ ತಾನೆ?

1890ರ ಮೇ 20ರಂದು ಆತ ಪ್ಯಾರಿಸ್ಸಿನ ಉತ್ತರಕ್ಕಿರುವ ಓವೇರ್ ಹಳ್ಳಿಗೆ ಬಂದ. ಅಲ್ಲಿ ಬದುಕಿದ್ದು ಕೇವಲ 70 ದಿನ. ಬರೆದ ಚಿತ್ರಗಳು ಹೆಚ್ಚುಕಡಿಮೆ ಅಷ್ಟೇ! ಕಾಗೆಗಳ ಚಿತ್ರ ಜುಲೈ ಎರಡನೆಯ ವಾರದ ಸುಮಾರಿಗೆ ಆದದ್ದು. ಎತ್ತರಕ್ಕಿಂತ ಅಗಲ ಎರಡು ಪಟ್ಟು ಇರುವ ಕ್ಯಾನ್ವಾಸ್ ಅದು. ಆ ದಿನಗಳ ಕಾಗದದಲ್ಲಿ, ಕದಡಿದ ಆಕಾಶದ ಕೆಳಗಿನ ವಿಶಾಲ ಗೋಧಿ ಹೊಲಗಳಲ್ಲಿ ತೀವ್ರ ಒಂಟಿತನವನ್ನು ತೋರಿಸಲು ಯತ್ನಿಸಿದ್ದೇನೆ ಎಂದು ಹೇಳಿಕೊಂಡಿದ್ದಾನೆ. ಅದೇ ಕಾಗದದಲ್ಲಿ, ಹಳ್ಳಿಗಾಡಿನಲ್ಲಿ ತಾನು ಕಾಣುವ ಆರೋಗ್ಯ ಮತ್ತು ಬಲವನ್ನೂ ಈ ಚಿತ್ರಗಳು ಹೇಳುತ್ತವೆ ಎಂದಿದ್ದಾನೆ. ಮೊದಲ ಮಾತನ್ನು ಎಲ್ಲರೂ ಎತ್ತಿ ಆಡುತ್ತಾರೆ, ಎರಡನೆಯದನ್ನು ಬಿಟ್ಟುಬಿಡುತ್ತಾರೆ.

ಇನ್ನು ಕಾಗೆ. ಅದು ಪಶ್ಚಿಮದವರಿಗೆ ಅಪಶಕುನ. ನಮ್ಮಲ್ಲಿ ಪಿಂಡವಿಟ್ಟು, ಕಾಗೆ ಬಂದು ಮುಟ್ಟಲಿ ಎಂದು ಕೈಮುಗಿದು ಕಾಯುತ್ತೇವೆ. ಹೊಲದ ಮೇಲೆ ಕಾಗೆ ಹಾರಿದರೆ ಅಲ್ಲಿ ಕಾಳಿದೆ ಎಂದೂ ಅರ್ಥ.

ಜುಲೈ 23ರಂದು ವ್ಯಾನ್ ಗೋ ತಮ್ಮನಿಗೆ ಕಾಗದ ಬರೆದು ಹೊಸ ಬಣ್ಣಗಳನ್ನು ತರಿಸಲು ಪಟ್ಟಿ ಕೊಟ್ಟ. 27ರ ಸಂಜೆ ಗಾಯಗೊಂಡು ತಾನಿದ್ದ ವಸತಿಗೃಹಕ್ಕೆ ಮರಳಿದ. 29ರಂದು ಪ್ರಾಣ ಬಿಟ್ಟ. ವಯಸ್ಸು 37. ಆ 27ರ ಬೆಳಿಗ್ಗೆ ಆತ ಬರೆಯುತ್ತಿದ್ದುದು ಬಿಸಿಲು ಬಿದ್ದ ಗಿಡಮರಗಳ ಚಿತ್ರವನ್ನು ಎಂದು ಥಿಯೊನ ಭಾವಮೈದುನ ಆಂಡ್ರೀಸ್ ಬಾಂಗರ್ ಬರೆದಿಟ್ಟಿದ್ದಾನೆ. ಅರ್ಧಕ್ಕೇ ನಿಂತ 'ಮರದ ಬೇರುಗಳು' ಎಂಬ ಚಿತ್ರವೇ ಅದು ಎಂಬುದು ಈಗ ವಿದ್ವಾಂಸರ ಅಭಿಪ್ರಾಯ. 2020ರಲ್ಲಿ ವೌಟರ್ ವಾನ್ ಡರ್ ವೇನ್ ಎಂಬ ಸಂಶೋಧಕ ಹಳೆಯ ಪೋಸ್ಟ್ ಕಾರ್ಡೊಂದರ ನೆರವಿನಿಂದ ಆ ಬೇರುಗಳಿದ್ದ ದಿಬ್ಬವನ್ನೂ ಪತ್ತೆ ಹಚ್ಚಿದ. ವಸತಿಗೃಹದಿಂದ ಅದು ಕೆಲವೇ ನಿಮಿಷಗಳ ನಡಿಗೆ.

ಆರು ತಿಂಗಳ ಬಳಿಕ ಥಿಯೊ ಕೂಡ ತೀರಿಕೊಂಡ. ಅಣ್ಣ ತಮ್ಮಂದಿರ ಕಾಗದಗಳನ್ನು ಜೋಪಾನ ಮಾಡಿ 1914ರಲ್ಲಿ ಪ್ರಕಟಿಸಿದಾಕೆ ಥಿಯೊನ ಪತ್ನಿ ಜೊಹಾನ. ಅದೇ ವರ್ಷ ಆಕೆ ಗಂಡನ ಅವಶೇಷವನ್ನು ಹಾಲೆಂಡಿನಿಂದ ತರಿಸಿ ಭಾವನ ಪಕ್ಕದಲ್ಲೇ ಮಣ್ಣು ಮಾಡಿಸಿದಳು. ಎರಡೂ ಸಮಾಧಿಗಳ ಮೇಲೆ ಒಂದೇ ಹಸಿರು ಬಳ್ಳಿ ಹಬ್ಬಿದೆ. ಆ ಸ್ಮಶಾನದ ಗೋಡೆ ದಾಟಿದರೆ ಸಿಗುವುದು ಅದೇ ಹೊಲಗಳ ಬಯಲು.