ಅಡ್ಡಣಿಗೆಯ ಸೀಮೆಯಲ್ಲಿ ಮಹಾಗನಿ ಮೇಜು

ಉಣ್ಣುವವರು ಹೆಚ್ಚಿದಂತೆ ಮೇಜನ್ನೇ ಎಳೆದು ಉದ್ದ ಮಾಡುವ ಉಪಾಯಕ್ಕೆ ಇಂಗ್ಲೆಂಡಿನ ರಿಚರ್ಡ್ ಗಿಲ್ಲೋ 1800ರಲ್ಲಿ ಪೇಟೆಂಟ್ ಪಡೆದ. ಒಂದರೊಳಗೊಂದು ಜಾರುವ ಪಟ್ಟಿಗಳು, ನಡುವೆ ಸೇರಿಸಲು ಬಿಡಿ ಹಲಗೆಗಳು. ಅದಕ್ಕೆ ಹೇಳಿ ಮಾಡಿಸಿದ ಮರ ವೆಸ್ಟ್ ಇಂಡೀಸಿನ ಮಹಾಗನಿ: ಹಲಗೆ ಅಗಲ, ಹವೆ ಬದಲಾದರೂ ಅಷ್ಟಾಗಿ ಸೊಟ್ಟಗಾಗದು. ಮುಂದೆ ವಿಕ್ಟೋರಿಯಾ ಕಾಲದ ಹಣವಂತರು, ಲಂಡನ್ನಿನ ಪೀಠೋಪಕರಣ ತಯಾರಕ ಚಿಪ್ಪೆಂಡೇಲ್ 1754ರಲ್ಲಿ ಅಚ್ಚು ಹಾಕಿಸಿದ ಮಾದರಿಗಳನ್ನು ಮತ್ತೆ ಕೆತ್ತಿಸಿ, ಅಜ್ಜನ ಕಾಲದ ಮೇಜನ್ನು ಹೊಸದಾಗಿ ಮಾಡಿಸಿಕೊಂಡರು. (ದುಡ್ಡಿದ್ದರೆ ಅಜ್ಜನನ್ನೂ ಕೊಳ್ಳಬಹುದು!) ಧಾರವಾಡ ಸೀಮೆ 1818ರಲ್ಲೇ ಇಂಗ್ಲಿಷರ ಕೈಸೇರಿದರೂ ಹಾನಗಲ್ಲ, ಶಿಗ್ಗಾವಿ, ಹಿರೇಕೆರೂರಿನ ಮನೆಗಳಲ್ಲಿ ಈ ಮೇಜು ಬೇರೂರಲಿಲ್ಲ. ಬಡತನವೇ ಕಾರಣ ಎಂದುಬಿಡುವುದು ಸುಲಭ. ಆದರೆ ವಾಡೆಗಳಿಗೆ ಕೆತ್ತನೆಯ ಸಾಗವಾನಿ ಕಂಬ ನಿಲ್ಲಿಸಿದವರಿಗೆ ಒಂದು ಮೇಜು ಭಾರವೇ? ಹಾನಗಲ್ಲಿನ ಪಡುವಣಕ್ಕೆ ಕಾಡೇ ಇತ್ತು. ಮೇಜು ಬಿಡಿಸಬೇಕಾದ ಗಂಟನ್ನು ಇಲ್ಲಿನವರು ಮೊದಲೇ ಬಿಡಿಸಿಕೊಂಡಿದ್ದರು ಎನ್ನುವುದು ನನ್ನ ವಾದ.

ಅಡ್ಡಣಿಗೆಯನ್ನೇ ನೋಡಿ. ಮೂರು ಕಾಲು, ಅದರ ಮೇಲೆ ಗಂಗಾಳ. ಸೆಗಣಿ ಸಾರಿಸಿದ ಏರುತಗ್ಗಿನ ನೆಲದಲ್ಲಿ ನಾಲ್ಕು ಕಾಲಿನದು ಕುಂಟುತ್ತದೆ. ಮೂರು ಕಾಲಿನದು ಎಲ್ಲಿಟ್ಟರೂ ಅಲುಗದೆ ಕೂರುತ್ತದೆ. ಇನ್ನೊಬ್ಬ ನೆಂಟ ಬಂದರೆ ಇನ್ನೊಂದು ಅಡ್ಡಣಿಗೆ. ಮಠದ ದಾಸೋಹದಲ್ಲಿ ಅದೂ ಬೇಡ, ಎಲೆ ಹಾಕಿದಷ್ಟೂ ಪಂಕ್ತಿ. ಸವಣೂರಿನ ಮುಸಲ್ಮಾನರ ಮನೆಯಲ್ಲಿ ಊಟಕ್ಕೆ ಹಾಸುವ ಬಟ್ಟೆ, ದಸ್ತರಖಾನವೂ ಸುರುಳಿ ಬಿಚ್ಚಿದಷ್ಟು ಉದ್ದ.

ಪಂಕ್ತಿಯನ್ನು ಹೊಗಳುವಾಗ ಪಂಕ್ತಿಭೇದ ಮರೆಯಿತೇ ಎಂದು ಕೇಳಿದರೆ ಆ ಮಾತು ಸರಿಯೇ. ಕನಕದಾಸರ ಬಾಡ ಇರುವುದು ಇದೇ ಶಿಗ್ಗಾವಿ ತಾಲೂಕಿನಲ್ಲಿ. ಸಾಲು ಎಲ್ಲಿ ತುಂಡಾಗುತ್ತಿತ್ತೆಂದು ಈ ನೆಲಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಮೇಜಿಗೂ ತಲೆಭಾಗ, ಕಾಲಭಾಗ ಇರುತ್ತವೆ. ಹಲಗೆ ಸೇರಿಸಿದ ಮಾತ್ರಕ್ಕೆ ಹೊರಗಿದ್ದವನು ಒಳಗೆ ಬರಲಿಲ್ಲ. ಇನ್ನು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ ಸವಣೂರಿಗೆ ನವಾಬರಿದ್ದರಲ್ಲ ಎನ್ನಬಹುದು. ಧಾರವಾಡದ ಕಲೆಕ್ಟರರೇ ಆ ಸಂಸ್ಥಾನಕ್ಕೆ ಪೊಲಿಟಿಕಲ್ ಏಜೆಂಟರು. ದೊರೆಗಳ ಔತಣಕ್ಕೆ ಮೇಜು ಬೇಕಾಗಿದ್ದೀತು. ಅದು ದರಬಾರಿನ ಸಾಮಾನು, ಅಡುಗೆಮನೆಯದಲ್ಲ.

ಈ ಕಡೆ ಯಾರಾದರೂ ಹಳೆಯ ಮಹಾಗನಿ ಮೇಜೆಂದು ಬೆಲೆ ಹೇಳಿದರೆ ಬಗ್ಗಿ ಅಡಿಭಾಗ ನೋಡಿ. ಕಂದುನೇರಳೆ ಬಣ್ಣ, ಕಪ್ಪು ಗೆರೆ, ಎತ್ತಿದರೆ ಕೈ ಸೋಲುವಷ್ಟು ಭಾರ ಇದ್ದರೆ ಅದು ಬೀಟೆ, ನಮ್ಮದೇ ಕಾಡಿನ ಮರ.