ಛೇದದಲ್ಲಿ ಘನ ಏಕೆ?

ವಿದ್ಯುತ್ ಹರಿಯುವ ತಂತಿಯ ಸಣ್ಣ ತುಣುಕೊಂದು ಉಂಟುಮಾಡುವ ಕಾಂತಕ್ಷೇತ್ರ ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ. ಕಾಲೇಜು ವಿದ್ಯಾರ್ಥಿಗಳು ಓದುವ ಬಯೋ-ಸಾವಾರ್ ನಿಯಮ ಇದು. ಆದರೆ ಒಂದು ಪುಸ್ತಕದಲ್ಲಿ ಸಮೀಕರಣದ ಛೇದದಲ್ಲಿ ದೂರದ ವರ್ಗವಿದ್ದರೆ, ಇನ್ನೊಂದರಲ್ಲಿ ಘನವಿರುತ್ತದೆ! ಯಾವುದು ಸರಿ? ಉತ್ತರದ ಹಿಂದೆ ಎಂಟು ದಶಕಗಳ ಇತಿಹಾಸವಿದೆ.

1820ರಲ್ಲಿ ಕೋಪನ್‌ಹೇಗನ್‌ನ ಪ್ರಾಧ್ಯಾಪಕ ಓರ್‌ಸ್ಟೆಡ್, ವಿದ್ಯುತ್ ಹರಿದಾಗ ಪಕ್ಕದ ದಿಕ್ಸೂಚಿಯ ಮುಳ್ಳು ತಿರುಗುತ್ತದೆಂದು ಪ್ರಕಟಿಸಿದರು. ಮುಳ್ಳು ತಂತಿಯತ್ತ ಸೆಳೆಯಲ್ಪಡಲಿಲ್ಲ, ದೂರಕ್ಕೂ ತಳ್ಳಲ್ಪಡಲಿಲ್ಲ, ಅಡ್ಡಕ್ಕೆ ತಿರುಗಿತು. ನ್ಯೂಟನ್ನರ ಗುರುತ್ವಕ್ಕೆ ಒಗ್ಗಿದ್ದವರಿಗೆ ಇದು ಹೊಸ ಸೋಜಿಗ. ಅದೇ ವರ್ಷದ ಅಕ್ಟೋಬರ್ 30ರಂದು ಪ್ಯಾರಿಸ್ಸಿನಲ್ಲಿ ಬಯೋ ಮತ್ತು ಸಾವಾರ್, ಉದ್ದನೆಯ ನೇರ ತಂತಿಯ ಪ್ರಭಾವ ದೂರಕ್ಕೆ ವಿಲೋಮವಾಗಿರುತ್ತದೆಂದು ವರದಿ ಮಾಡಿದರು. ತಂತಿಯ ಒಂದೊಂದು ತುಣುಕಿಗೆ ವಿಲೋಮ ವರ್ಗದ ನಿಯಮ ಅನ್ವಯಿಸುತ್ತದೆಂದು ಲಾಪ್ಲಾಸ್ ಗಣಿತದಿಂದ ತೋರಿಸಿದರು. ಆದರೆ ಪ್ರಮಾಣವನ್ನೂ ದಿಕ್ಕನ್ನೂ ಒಂದೇ ಸಾಲಿನಲ್ಲಿ ಬರೆಯುವ ಭಾಷೆ ಆಗ ಇರಲಿಲ್ಲ. ದಿಕ್ಕನ್ನು ಮಾತಿನಲ್ಲೇ ವಿವರಿಸಬೇಕಿತ್ತು.

ಆ ಭಾಷೆಯ ಬೀಜ ಬಿತ್ತಿದವರು ಡಬ್ಲಿನ್ನಿನ ಹ್ಯಾಮಿಲ್ಟನ್. 1843ರಲ್ಲಿ ಅವರು ಕ್ವಾಟರ್ನಿಯನ್ ಗಣಿತವನ್ನು ಕಂಡುಕೊಂಡರು. ಅದರಿಂದ ಬೇಕಾದಷ್ಟನ್ನೇ ತೆಗೆದುಕೊಂಡು, ಇಂದಿನ ಸದಿಶ ಗಣಿತವನ್ನು ರೂಪಿಸಿದವರು ಅಮೆರಿಕದ ಗಿಬ್ಸ್ ಮತ್ತು ಇಂಗ್ಲೆಂಡಿನ ಹೆವಿಸೈಡ್. ಗಿಬ್ಸ್ ಯೇಲ್‌ನಲ್ಲಿ ಪ್ರಾಧ್ಯಾಪಕರು. ಹೆವಿಸೈಡ್ ಹದಿನಾರಕ್ಕೇ ಶಾಲೆ ಬಿಟ್ಟು ಟೆಲಿಗ್ರಾಫ್ ಆಪರೇಟರ್ ಆಗಿದ್ದವರು. ಇಬ್ಬರೂ ಸ್ವತಂತ್ರವಾಗಿ ಒಂದೇ ದಾರಿಗೆ ಬಂದರು. ಹ್ಯಾಮಿಲ್ಟನ್ ಪಕ್ಷದ ಟೇಟ್ ಇದನ್ನು ಕಟುವಾಗಿ ವಿರೋಧಿಸಿದರು. 1890ರ ದಶಕದಲ್ಲಿ ‘ನೇಚರ್’ ಪತ್ರಿಕೆಯ ಪುಟಗಳಲ್ಲೇ ಜಗಳ ನಡೆಯಿತು. ಕೊನೆಗೆ ಗೆದ್ದದ್ದು ಸದಿಶಗಳು. 1901ರಲ್ಲಿ ಗಿಬ್ಸ್‌ರ ಶಿಷ್ಯ ವಿಲ್ಸನ್ ಬರೆದ ಪಠ್ಯಪುಸ್ತಕ ಅವನ್ನು ತರಗತಿಗೆ ತಂದಿತು.

ಈಗ ಘನದ ಒಗಟಿಗೆ ಬರೋಣ. ತಂತಿಯ ತುಣುಕಿನಿಂದ ನಾವು ಅಳೆಯುವ ಬಿಂದುವಿಗೆ ಎಳೆದ ಬಾಣವೇ ಸ್ಥಾನಪಲ್ಲಟ ಸದಿಶ. ಅದರಲ್ಲಿ ಉದ್ದವೂ ಇದೆ, ದಿಕ್ಕೂ ಇದೆ. ಅದನ್ನು ಅದರದೇ ಉದ್ದದಿಂದ ಭಾಗಿಸಿದರೆ ಉಳಿಯುವುದು ಏಕಮಾನ ಸದಿಶ: ಉದ್ದ 1, ಉಳಿದದ್ದೆಲ್ಲ ದಿಕ್ಕು. ಸಮೀಕರಣದ ಮೇಲೆ ಏಕಮಾನ ಸದಿಶವಿದ್ದರೆ ಕೆಳಗೆ ವರ್ಗ ಸಾಕು. ಇಡೀ ಬಾಣವನ್ನೇ ಇಟ್ಟರೆ ಅದರ ಉದ್ದವೂ ಮೇಲೇರುತ್ತದೆ. ಅದನ್ನು ಕಳೆಯಲು ಕೆಳಗೆ ಇನ್ನೊಂದು ಘಾತ ಬೇಕು. ದೂರ 2 ಮೀಟರ್ ಎನ್ನಿ. ಎರಡನ್ನು ಎಂಟರಿಂದ ಭಾಗಿಸಿದರೂ, ಒಂದನ್ನು ನಾಲ್ಕರಿಂದ ಭಾಗಿಸಿದರೂ ಬರುವುದು ಕಾಲು ಭಾಗವೇ. ಎರಡೂ ಸಮೀಕರಣಗಳು ಸರಿ. ಇಡೀ ಬಾಣದ ಕೆಳಗೆ ವರ್ಗ ಬರೆದರೆ ಮಾತ್ರ ತಪ್ಪು. ಕಾಲು ಭಾಗದ ಬದಲು ಅರ್ಧ ಬಂದೀತು.

ಓರ್‌ಸ್ಟೆಡ್‌ರ ಮುಳ್ಳು ಅಡ್ಡಕ್ಕೆ ತಿರುಗಿದ್ದೂ ಈ ಬರವಣಿಗೆಯಲ್ಲಿದೆ. ತಂತಿಗೂ ಬಾಣಕ್ಕೂ ನಡುವಿನ ಗುಣಾಕಾರ ಚಿಹ್ನೆ, ಕ್ಷೇತ್ರ ಅವೆರಡಕ್ಕೂ ಲಂಬವೆಂದು ಸಾರುತ್ತದೆ. ಅಂದು ಮಾತಿನಲ್ಲಿ ಹೇಳಬೇಕಿದ್ದ ದಿಕ್ಕು ಇಂದು ಒಂದು ಪುಟ್ಟ ಚಿಹ್ನೆಯೊಳಗೆ ಕುಳಿತಿದೆ.