ಶಿಯಾನ್: ಸ್ಮಾರಕಗಳು ಮತ್ತು ಹಳೆಯ ಕೇರಿಗಳು

ಶಿಯಾನ್: ಚೀನಾದ ಶಾನ್‌ಶಿ ಪ್ರಾಂತ್ಯದ ರಾಜಧಾನಿ, ವೇ ನದಿಯ ದಕ್ಷಿಣದ ಬಯಲಿನಲ್ಲಿರುವ ಪುರಾತನ ನಗರ. ಹಾನ್, ಸ್ವೀ, ತಾಂಗ್ ವಂಶದವರು ಈ ಬಯಲಿನಿಂದಲೇ ಚೀನಾವನ್ನು ಆಳಿದರು. ಹಾನ್ ಮತ್ತು ತಾಂಗ್ ಕಾಲದಲ್ಲಿ ಊರಿನ ಹೆಸರು ಚಾಂಗಾನ್. ‘ಪಶ್ಚಿಮದ ಶಾಂತಿ’ ಎಂಬ ಅರ್ಥದ ಈಗಿನ ಹೆಸರು ಬಂದದ್ದು 1369ರಲ್ಲಿ, ಮಿಂಗ್ ವಂಶದ ಆರಂಭದ ದಿನಗಳಲ್ಲಿ. ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು, 1974ರಲ್ಲಿ ರೈತರು ಬಾವಿ ತೋಡುವಾಗ ಸಿಕ್ಕ ಮಣ್ಣಿನ ಸೈನಿಕರನ್ನು ನೋಡಲು ನೇರವಾಗಿ ಊರಾಚೆಗೆ ಹೋಗುತ್ತಾರೆ. ಆ ಸೈನಿಕರು ಅದ್ಭುತವೇ ಸರಿ. ಆದರೆ ಶಿಯಾನ್ ಅರ್ಥವಾಗುವುದು ಊರೊಳಗೆ ನಡೆದಾಡಿದವರಿಗೆ.

ಇಲ್ಲಿ ಮೊದಲ ದಿನವೇ ಒಂದು ಗೊಂದಲ ಕಾಡುತ್ತದೆ. ಊರಿನ ಕೋಟೆಯೊಳಗಿನ ಹಳೆಯ ಕಟ್ಟಡಗಳಲ್ಲಿ ಹೆಚ್ಚಿನವು ಮಿಂಗ್ ಕಾಲದವು. ಅವಕ್ಕಿಂತ ಏಳು ಶತಮಾನ ಹಿಂದಿನ ತಾಂಗ್ ಗೋಪುರಗಳು ಕೋಟೆಯ ಹೊರಗಿವೆ. ಕಾರಣ, ಊರು ಒಂದು ಕಾಲದಲ್ಲಿ ಕುಗ್ಗಿಹೋಗಿತ್ತು. 582ರಲ್ಲಿ ಸ್ವೀ ಚಕ್ರವರ್ತಿಗಾಗಿ ಯುವೆನ್ ಕಾಯ್ ಎಂಬ ಅಧಿಕಾರಿ ರೂಪಿಸಿದ ರಾಜಧಾನಿ ಸುಮಾರು 84 ಚದರ ಕಿಲೋಮೀಟರ್ ಹರಡಿತ್ತು. ಚದುರಂಗದ ಮಣೆಯಂತೆ ನೇರ ಬೀದಿಗಳು, ನೂರಕ್ಕೂ ಹೆಚ್ಚು ಕೇರಿಗಳು, ಪ್ರತಿ ಕೇರಿಗೂ ಅದರದೇ ಗೋಡೆ ಮತ್ತು ಬಾಗಿಲು. ಸಂಜೆ ನಗಾರಿ ಬಾರಿಸಿದರೆ ಬಾಗಿಲುಗಳು ಮುಚ್ಚುತ್ತಿದ್ದವು. ಬೆಳಗಿನ ನಗಾರಿಯವರೆಗೆ ದೊಡ್ಡ ಬೀದಿಗಳಲ್ಲಿ ಯಾರೂ ಓಡಾಡುವಂತಿರಲಿಲ್ಲ. ಪೂರ್ವ ಮತ್ತು ಪಶ್ಚಿಮದಲ್ಲಿ ಎರಡು ಪೇಟೆಗಳಿದ್ದವು. ಪರ್ಷಿಯಾ ಮತ್ತು ಮಧ್ಯ ಏಷ್ಯಾದ ವರ್ತಕರು ಪಶ್ಚಿಮದ ಪೇಟೆಯಲ್ಲಿ ಬೀಡುಬಿಡುತ್ತಿದ್ದರು.

904ರಲ್ಲಿ ಝೂ ವೆನ್ ಎಂಬ ದಂಡನಾಯಕ ಚಕ್ರವರ್ತಿಯನ್ನು ಬಲವಂತವಾಗಿ ಲುವೊಯಾಂಗಿಗೆ ಸಾಗಿಸಿದ. ಅರಮನೆ, ಕಚೇರಿ, ಮನೆಗಳ ತೊಲೆಗಳನ್ನೆಲ್ಲ ಕೀಳಿಸಿ ನದಿಯಲ್ಲಿ ತೇಲಿಬಿಡಿಸಿದ. ಉಳಿದ ಜನ ಹಳೆಯ ಸರ್ಕಾರಿ ಕಚೇರಿಗಳ ಆವರಣದೊಳಗೆ ಸೇರಿಕೊಂಡರು. ಆ ಆವರಣವೇ ಮುಂದೆ ಇಡೀ ಊರಾಯಿತು.

ಮಿಂಗ್ ಅರಸರು 1370ರ ದಶಕದಲ್ಲಿ ಆ ಜಾಗವನ್ನು ಪೂರ್ವಕ್ಕೂ ಉತ್ತರಕ್ಕೂ ಹಿಗ್ಗಿಸಿ ಕೋಟೆ ಕಟ್ಟಿದರು. ಒಳಗೆ ಕುಟ್ಟಿ ಗಟ್ಟಿ ಮಾಡಿದ ಮಣ್ಣು, ಮೇಲೆ 1568ರಲ್ಲಿ ಹೊದಿಸಿದ ಇಟ್ಟಿಗೆ. ಎತ್ತರ 12 ಮೀಟರ್, ಸುತ್ತಳತೆ ಸುಮಾರು 13.7 ಕಿಲೋಮೀಟರ್. ಜಪಾನೀಯರು ಬಾಂಬ್ ಹಾಕುತ್ತಿದ್ದ ವರ್ಷಗಳಲ್ಲಿ ಜನ ಈ ಗೋಡೆಯ ಒಡಲಲ್ಲೇ ಗುಹೆ ಕೊರೆದು ಜೀವ ಉಳಿಸಿಕೊಂಡರು. ಬೀಜಿಂಗಿನ ಕೋಟೆಯನ್ನು ಕೆಡವಿಹಾಕಿದ ಕಾಲದಲ್ಲೂ ಶಿಯಾನಿನದು ಉಳಿಯಿತು. 1961ರಲ್ಲಿ ರಾಷ್ಟ್ರೀಯ ರಕ್ಷಣೆಯ ಪಟ್ಟಿ ಸೇರಿತು. ಈಗ ಅದರ ಮೇಲೆ ಬಾಡಿಗೆ ಸೈಕಲ್ಲಿನಲ್ಲಿ ಊರನ್ನು ಒಂದು ಸುತ್ತು ಹಾಕಬಹುದು. ನಡುವೆ ಕಾಣುವ ಗಂಟೆಗೋಪುರ 1384ರದು. ಅದನ್ನು 1582ರಲ್ಲಿ ಈಗಿನ ನಾಲ್ಕುದಾರಿಗೆ ಸ್ಥಳಾಂತರಿಸಲಾಯಿತು.

ಕೋಟೆಯ ದಕ್ಷಿಣಕ್ಕಿರುವ ದೊಡ್ಡ ಕಾಡುಬಾತಿನ ಪಗೋಡ ಕನ್ನಡಿಗರು ತಪ್ಪಿಸಬಾರದ ಸ್ಥಳ. ನಮ್ಮ ಶಾಲಾಪಠ್ಯಗಳ ಹ್ಯೂಯೆನ್ ತ್ಸಾಂಗ್ ಭಾರತದಿಂದ ತಂದ ಗ್ರಂಥಗಳನ್ನು ಕಾಪಾಡಲೆಂದೇ 652ರಲ್ಲಿ ಇದನ್ನು ಕಟ್ಟಿದರು. ಆತ 645ರಲ್ಲಿ ಮರಳಿದಾಗ ತಂದದ್ದು 657 ಗ್ರಂಥಗಳು. ಬಾದಾಮಿಯ ಇಮ್ಮಡಿ ಪುಲಕೇಶಿಯ ನಾಡಿನ ಜನರ ಸ್ವಾಭಿಮಾನವನ್ನೂ, ಅಲ್ಲಿ ಆನೆಗಳಿಗೆ ಮದ್ಯ ಕುಡಿಸಿ ಯುದ್ಧಕ್ಕೆ ಬಿಡುತ್ತಿದ್ದುದನ್ನೂ ದಾಖಲಿಸಿದ ಅವನ ಪ್ರವಾಸಕಥನ 646ರಲ್ಲಿ ಸಿದ್ಧವಾದದ್ದು ಇದೇ ಊರಿನಲ್ಲಿ. ಏಳು ಅಂತಸ್ತಿನ ಪಗೋಡ ಇಂದು 64 ಮೀಟರ್ ಎತ್ತರವಿದ್ದು, ಕಣ್ಣಿಗೆ ಕಾಣುವಷ್ಟು ವಾಲಿದೆ. ಹತ್ತಿರದ ಸಣ್ಣ ಪಗೋಡ 709ರ ವೇಳೆಗೆ ಪೂರ್ಣಗೊಂಡಿತು. 1556ರ ಭೀಕರ ಭೂಕಂಪದಲ್ಲಿ ಅದರ ಹದಿನೈದು ಅಂತಸ್ತುಗಳಲ್ಲಿ ಮೇಲಿನ ಎರಡು ಉರುಳಿದವು. ಉಳಿದ ಹದಿಮೂರು ಹಾಗೆಯೇ ನಿಂತಿವೆ.

ದಕ್ಷಿಣ ಬಾಗಿಲಿನ ಒಳಗೆ, ಕುಂಚ ಮತ್ತು ಮಸಿಯ ಅಂಗಡಿಗಳ ಶುಯುವಾನ್‌ಮೆನ್ ಬೀದಿ ದಾಟಿದರೆ 1087ರಲ್ಲಿ ಆರಂಭವಾದ ‘ಶಿಲಾಶಾಸನಗಳ ವನ’. 837ರಲ್ಲಿ ಪೂರ್ಣಗೊಂಡ 114 ಕಲ್ಲುಗಳ ಮೇಲೆ ಹನ್ನೆರಡು ಪ್ರಾಚೀನ ಗ್ರಂಥಗಳನ್ನು ಕೊರೆದಿದ್ದಾರೆ. ನಕಲು ಮಾಡುವಾಗ ತಪ್ಪು ನುಸುಳದಿರಲೆಂದು ಕಲ್ಲಿನಲ್ಲಿ ಇಟ್ಟ ಮೂಲಪ್ರತಿ ಇದು. ಕಲ್ಲಿಗೆ ಒದ್ದೆ ಕಾಗದ ಅಂಟಿಸಿ, ಮಸಿಯ ಬಟ್ಟೆಗಂಟಿನಿಂದ ಟಪಟಪನೆ ತಟ್ಟಿ ಅಚ್ಚು ತೆಗೆಯುವುದನ್ನು ಇಲ್ಲಿ ನಿಂತು ನೋಡಬಹುದು. ಅಕ್ಷರ ಬಿಳಿ, ಸುತ್ತಲೂ ಕಪ್ಪು.

ಊರಿನ ಜೀವಂತ ಇತಿಹಾಸವಿರುವುದು ನಗಾರಿಗೋಪುರದ ಹಿಂದಿನ ಹ್ವೇ ಮುಸ್ಲಿಮರ ಕೇರಿಗಳಲ್ಲಿ. ರೇಷ್ಮೆ ದಾರಿಯಲ್ಲಿ ಬಂದು ನೆಲೆಸಿದವರ ವಂಶಸ್ಥರು ಎಂಬುದು ಇವರ ಪರಂಪರೆಯ ನಂಬಿಕೆ. 1862ರ ಮುಸ್ಲಿಮರ ದಂಗೆಯ ನಂತರ ಪ್ರಾಂತ್ಯದ ಹಳ್ಳಿಗಳ ಮುಸ್ಲಿಮರು ಹತರಾದರು, ಇಲ್ಲವೇ ಪಶ್ಚಿಮಕ್ಕೆ ಓಡಿಹೋದರು. ಕೋಟೆಯೊಳಗಿದ್ದ ಈ ಸಮುದಾಯ ಉಳಿಯಿತು. ಇವರ ಮಹಾ ಮಸೀದಿಯ ಮೂಲವನ್ನು ಅಲ್ಲಿನ ಒಂದು ಶಾಸನ 742ಕ್ಕೆ ಒಯ್ಯುತ್ತದೆ, ಈಗಿನ ಕಟ್ಟಡಗಳು ಮಿಂಗ್ ಕಾಲದಿಂದ ಈಚಿನವು. ಗುಮ್ಮಟವಿಲ್ಲ, ಮೇಲಕ್ಕೆ ಬಾಗಿದ ಸೂರು, ಒಂದರ ಹಿಂದೊಂದು ಅಂಗಳ, ಮಿನಾರಿನ ಜಾಗದಲ್ಲಿ ಎಂಟು ಮೂಲೆಯ ಮರದ ಮಂಟಪ. ಚೀನೀ ದೇಗುಲಗಳು ದಕ್ಷಿಣಕ್ಕೆ ಮುಖಮಾಡಿದರೆ ಇಲ್ಲಿ ಎಲ್ಲವೂ ಪಶ್ಚಿಮದ ಮೆಕ್ಕಾದತ್ತ ಸಾಗುತ್ತದೆ.

ಈ ಕೇರಿಗಳ ಊಟ ಪಾವೊಮೊ. ಮೊದಲು ಬಟ್ಟಲು ಮತ್ತು ಗಟ್ಟಿ ರೊಟ್ಟಿ ತಂದಿಡುತ್ತಾರೆ. ಗಿರಾಕಿಯೇ ಅದನ್ನು ಬೆರಳಿನಿಂದ ಕಾಳಿನಷ್ಟು ಸಣ್ಣಗೆ ಮುರಿಯಬೇಕು. ದಪ್ಪವಾಗಿ ಮುರಿದರೆ ಸಾರು ಒಳಗಿಳಿಯುವುದಿಲ್ಲ. ಆಮೇಲೆ ಬಟ್ಟಲು ಅಡುಗೆಮನೆಗೆ ಹೋಗಿ, ಕುರಿಮಾಂಸದ ಸಾರಿನಲ್ಲಿ ಕುದ್ದು ಬರುತ್ತದೆ. ಜೊತೆಗೆ ಸಿಹಿಯಾಗಿ ನೆನೆಸಿದ ಬೆಳ್ಳುಳ್ಳಿ. ಮುರಿಯುತ್ತ ಹರಟುವುದೇ ಊಟದ ಅರ್ಧ ಭಾಗ.

ಬೇಯುವಾನ್‌ಮೆನ್ ಬೀದಿ ಇಂದು ಪೂರ್ತಿ ಪ್ರವಾಸಿಗರದು. ಅದರಿಂದ ಪಶ್ಚಿಮಕ್ಕೆ ಕವಲೊಡೆಯುವ ದಾಪೀಯುವಾನ್, ಅದರಾಚೆಯ ಸಾಜಿನ್‌ಚ್ಯಾವೊ ಓಣಿಗಳಿಗೆ ಬೆಳಗ್ಗೆ ಹೋಗಿ. ಮಹಾ ಮಸೀದಿಯ ಅಂಗಳಗಳು ಎಲ್ಲರಿಗೂ ತೆರೆದಿವೆ. ಪ್ರಾರ್ಥನಾ ಮಂದಿರದೊಳಗೆ ಮಾತ್ರ ಮುಸ್ಲಿಮರಿಗಷ್ಟೇ ಪ್ರವೇಶ.